ಇಳಿಯದ ನೀರು

ರೂರ್ಕಿ
೬ ಮೇ ೨೦೨೫

ಪ್ರೀತಿಯ ಅಣ್ಣ,

ಅತ್ತಿಗೆಯ ಮೊಬೈಲಿಗೆ ಕಳಿಸಿದ ಮೆಸೇಜುಗಳನ್ನು ನೀನು ಓದುವುದಿಲ್ಲವಂತೆ. “ಗಾಜಿನ ಮೇಲಿನ ಅಕ್ಷರ ತಲೆಗೆ ಹೋಗೂದಿಲ್ಲ, ಕಾಗದ ಬರೆ ಹೇಳು ಅಂತಾರೆ” ಎಂದಳು. ಆತು, ಕಾಗದವೇ ಬರೆಯುತ್ತೇನೆ. ಕಾಸರಕೋಡಿನ ಬೋಟಿನ ಇಂಜಿನ್ ನಿನ್ನ ಕಿವಿ ತಿಂದು ಹಾಕಿತು. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಲಾಗದ ಮೇಲೆ ನಿನ್ನ ಅಕ್ಷರವನ್ನಾದರೂ ನೋಡುತ್ತೇನಲ್ಲ.

ಇಲ್ಲಿ ಬಿಸಿಲೆಂದರೆ ಬಿಸಿಲು. ಕೂತಲ್ಲಿ ಕೂರಲಾಗುವುದಿಲ್ಲ. ಅದು ಬಿಸಿಲಿನಿಂದಲೋ ಕೆಲಸದಿಂದಲೋ ತಿಳಿಯದು. ಜೂನ್ ಮುಗಿಯುವುದರೊಳಗೆ ನಮ್ಮ ತಂಡ ಒಂದು ಪಟ್ಟಿ ಕೊಡಬೇಕು. ಈ ಮಳೆಗಾಲದಲ್ಲಿ ಕರಾವಳಿಯ ಯಾವ ಯಾವ ಒಡ್ಡು ತುಂಬಿ ಹೊರಚೆಲ್ಲಬಹುದು, ಯಾವ ಕೇರಿಗೆ ನೀರು ನುಗ್ಗಬಹುದು ಎಂಬುದು ಅದರಲ್ಲಿರುತ್ತದೆ. ಅದು ಜಿಲ್ಲೆಯ ಕಚೇರಿಗಳಿಗೆ ಹೋಗುತ್ತದೆ.

ದೀಪಾವಳಿಗೆ ಬಂದಾಗ ಹೇಳಿದ್ದೆನಲ್ಲ, ಉಪಗ್ರಹ ಮೇಲಿಂದ ರೇಡಾರ್ ಅಲೆ ಬಿಡುತ್ತದೆ, ಅದು ನೀರಿಗೆ ಬಡಿದು ವಾಪಸು ಬರಲು ಹಿಡಿದ ಹೊತ್ತಿನಿಂದ ನೀರಿನ ಎತ್ತರ ಗೊತ್ತಾಗುತ್ತದೆ. ಮೋಡ ಕವಿದರೂ ತೊಂದರೆಯಿಲ್ಲ. ಮೂರು ವಾರಕ್ಕೊಮ್ಮೆ ನಮ್ಮ ಅಘನಾಶಿನಿಯ ಮೇಲೆ ಹಾದು ಹೋಗುತ್ತದೆ. ನದಿಯ ನೀರನ್ನು ಅದು ಚೆನ್ನಾಗಿ ಅಳೆಯುತ್ತದೆ. ಗಜನಿಯ ವಿಷಯದಲ್ಲಿ ಮಾತ್ರ ನಮಗೆ ಅನುಮಾನ. ಕೆಸರು, ಉಪ್ಪುನೀರು, ಭತ್ತ ಎಲ್ಲ ಒಂದೇ ಕಡೆ ಇರುವ ಗದ್ದೆ ಅದು. ಅದಕ್ಕೇ ನಾವಿಬ್ಬರೂ ಸೊಂಟದುದ್ದ ಕೆಸರಿಗೆ ಇಳಿದು ಆ ಅಳತೆ ಕಂಬ ಹುಗಿದದ್ದು. ಉಪಗ್ರಹ ಹಾಯುವ ದಿನಗಳನ್ನು ಅತ್ತಿಗೆಗೆ ಕಳಿಸಿದ್ದೇನೆ. ಆ ದಿನ ಕಂಬದ ಹತ್ತಿರ ಹೋಗಿ ನೀರು ಎಲ್ಲಿಗಿದೆ ನೋಡಿ ಬರೆ. ಅಷ್ಟೇ.

“ಅಲ್ಲಿ ನಂಬುವಂಥ ಮನುಷ್ಯ ಇದ್ದಾನಾ?” ಎಂದು ನಮ್ಮ ಸರ್ ಕೇಳಿದರು. ನನ್ನ ಅಣ್ಣ ಇದ್ದಾನೆ ಎಂದೆ.

ನಿನ್ನ ತಂಗಿ
ದೀಪಾ


ತೆಂಕಣಕೇರಿ, ಕುಮಟಾ ತಾಲೂಕು
೨೧ ಮೇ ೨೦೨೫

ದೀಪಾ,

ನಿನ್ನ ಕಾಗದ ಬಂತು. ಗಂಗಾ ಓದಿ ನಗಾಡಿದಳು, “ನಿಮ್ಮನ್ನ ಆಕಾಶದ ಕೆಲಸಕ್ಕೆ ಸೇರಿಸಿಕೊಂಡ್ಳು ನಿಮ್ಮ ತಂಗಿ” ಹೇಳಿ ಚೀಟಿಯಲ್ಲಿ ಬರೆದು ತೋರಿಸಿದಳು. ಅವಳಿಗೆ ಈಗ ನನ್ನ ಹತ್ತಿರ ಮಾತಾಡೂದಕ್ಕಿಂತ ಚೀಟಿ ಬರೆಯೂದೇ ಅಭ್ಯಾಸ ಆಗಿದೆ.

ಇಲ್ಲಿ ಎಲ್ಲ ಸರಿ ಇದೆ. ಮಾವಿನಕಾಯಿ ಈ ಸಲ ಕಡಿಮೆ. ಚೌಡಮ್ಮ ಅತ್ತೆ ನಿನ್ನನ್ನು ಕೇಳಿದಳು. “ಆ ಹುಡುಗಿ ಮುಂದಿನ ಸಲ ಬರೂವಾಗ ತೆಳ್ಳಗೆ ಬರೂದು ಬೇಡ ಹೇಳು” ಅಂದಳಂತೆ. ಒಡ್ಡಿನ ಬುಡದಲ್ಲೇ ಅವಳ ಮನೆ ಅಲ್ಲವಾ, ಹೋಗ್ತಾ ಬರ್ತಾ ನನ್ನನ್ನು ಹಿಡಿದು ನಿಲ್ಲಿಸ್ತಾಳೆ. ಬಾವಿ ನೀರು ಸ್ವಲ್ಪ ಉಪ್ಪು ಹೇಳಿ ಗಂಗಾನ ಹತ್ತಿರ ದೂರು. ಬೇಸಿಗೆಯಲ್ಲಿ ಎಲ್ಲ ಬಾವಿಯೂ ಹಾಗೇ.

ಗಜನಿಯ ನೀರು ಬಿಡ್ತಾ ಇದ್ದೇವೆ. ಒಡ್ಡಿನ ಬಾಗಿಲಿನ ಹಲಗೆ ತೆಗೆದಾಗಿದೆ. ಇಳಿತದ ಹೊತ್ತಿಗೆ ನೀರು ಹೊಳೆಗೆ ಹೋಗ್ತದೆ. ಕಂಬದ ಅಂಕೆ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಮಳೆ ಹಿಡಿಯುವ ಮೊದಲು ಕಗ್ಗದ ಭತ್ತ ಬಿತ್ತಬೇಕು.

ಮೈ ನೋಡಿಕೊ. ಬಹಳ ಹೊತ್ತು ಕಂಪ್ಯೂಟರ್ ಮುಂದೆ ಕೂರಬೇಡ.

ದಿವಾಕರ


ರೂರ್ಕಿ
೧೨ ಜೂನ್ ೨೦೨೫

ಪ್ರೀತಿಯ ಅಣ್ಣ,

ಒಂದು ವಿಷಯ ಕೇಳುತ್ತೇನೆ, ಸಿಟ್ಟು ಮಾಡಬೇಡ.

ನಿನ್ನ ಅಂಕೆ ನೋಡಿದರೆ ಗಜನಿಯ ನೀರು ಮೊಣಕಾಲಿಗಿಂತ ಕೆಳಗೆ ಇಳಿದಿದೆ, ನೆಲ ಕಾಣುತ್ತಿದೆ. ಉಪಗ್ರಹ ನೋಡಿದರೆ ನೀರು ಇಳಿದೇ ಇಲ್ಲ. ಬೇಸಿಗೆಯಲ್ಲಿ ಇದ್ದಲ್ಲೇ ಇದೆ, ಒಂದಿಷ್ಟು ಹೆಚ್ಚೇ ಆಗಿದೆ. ಹೊಳೆಯಲ್ಲಿ ಸಮುದ್ರದ ಭರತಿ ಬಂದು ಇಳಿದರೂ ನಮ್ಮ ಗಜನಿ ಮಾತ್ರ ಅಲುಗದೆ ನಿಂತಿದೆ. ಹಲಗೆ ಹಾಕಿ ಬಿಗಿ ಮಾಡಿದ ಹಾಗೆ.

ನೀನು ಕಂಬದ ಹತ್ತಿರ ಇಳಿದು ನೋಡಿದೆಯಾ, ಅಥವಾ ಒಡ್ಡಿನ ಮೇಲೆ ನಿಂತು ಅಂದಾಜು ಹೇಳಿದೆಯಾ? ದೂರದಿಂದ ನೋಡಿದರೆ ತಪ್ಪಾಗುವುದು ಸಹಜ. ಆಮೇಲೆ ಅತ್ತಿಗೆ ಮೆಸೇಜಿನಲ್ಲಿ ಕಳಿಸಿದ ಅಂಕೆಯೂ ಸೇರಿ ಎರಡು ಸಲ ಹೀಗೇ ಆಗಿದೆ. ನಮ್ಮ ಸರ್ “ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ, ಯಾವುದು ಅಂತ ನೀನೇ ನೋಡು” ಎಂದರು. ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಪಟ್ಟಿಯ ದಿನ ಹತ್ತಿರ ಬಂತು.

ಇನ್ನೊಮ್ಮೆ ಇಳಿದು ನೋಡಿ ಬರೆಯುತ್ತೀಯಾ?

ದೀಪಾ


ತೆಂಕಣಕೇರಿ
೧೯ ಜೂನ್ ೨೦೨೫

ದೀಪಾ,

ನಾನು ಕಂಬದ ಹತ್ತಿರ ಹೋದೆನೋ ಇಲ್ಲವೋ ಹೇಳಿ ಕೇಳ್ತೀಯಾ? ಕಿವಿ ಹೋಗಿದೆ ಮಾರಾಯ್ತಿ, ಕಣ್ಣು ಹೋಗಲಿಲ್ಲ. ಈ ಊರಿನಲ್ಲಿ ಕಿವಿ ಕೇಳದವನನ್ನು ಎಲ್ಲರೂ ಅರ್ಧ ಮನುಷ್ಯ ಹೇಳಿಯೇ ನೋಡ್ತಾರೆ. ಬೆನ್ನ ಹಿಂದೆ ಎಂತ ಮಾತಾಡಿಕೊಂಡು ನಗ್ತಾರೋ, ತಿರುಗಿ ನೋಡಿದರೆ ಬಾಯಿ ಮುಚ್ತಾರೆ. ನೀನೂ ಹಾಗೇ ನೋಡೂದು ಬೇಡ.

ಗಜನಿಯಲ್ಲಿ ನೀರಿಲ್ಲ. ಬಿತ್ತನೆ ಆಗಿದೆ. ಸಸಿ ಗೇಣುದ್ದ ಬಂದಿದೆ. ನಿನ್ನ ಉಪಗ್ರಹಕ್ಕೆ ಕೆಸರು ಯಾವುದು ನೀರು ಯಾವುದು ಗೊತ್ತಾಗೂದಿಲ್ಲ ಹೇಳಿ ನೀನೇ ಅಂದಿದ್ದೆ. ಈಗ ಅದನ್ನು ಹಿಡಿದುಕೊಂಡು ನನ್ನನ್ನು ಕೇಳಿದರೆ?

ಹೊಸ ಅಂಕೆ ಕೆಳಗೆ ಬರೆದಿದ್ದೇನೆ. ಬೇಕಾದರೆ ತಗೊ.

ದಿವಾಕರ


ರೂರ್ಕಿ
೨೮ ಜೂನ್ ೨೦೨೫

ಪ್ರೀತಿಯ ಅಣ್ಣ,

ತಪ್ಪಾಯಿತು. ನಾನು ಹಾಗೆ ಕೇಳಬಾರದಿತ್ತು. ಕಾಗದ ಓದಿ ಇಡೀ ದಿನ ಮನಸ್ಸು ಸರಿಯಿರಲಿಲ್ಲ. ನಿನ್ನ ಕಿವಿಯ ಯೋಚನೆ ನನಗೆ ಬಂದೇ ಇರಲಿಲ್ಲ, ನಿಜ. ನಿನಗೆ ಹಾಗೆ ಅನಿಸಿತಲ್ಲ ಎಂಬುದೇ ಬೇಜಾರು.

ಲೆಕ್ಕ ಮುಗಿಯಿತು. ನಿನ್ನ ಅಂಕೆಯನ್ನೇ ಸರಿ ಎಂದು ಇಟ್ಟುಕೊಂಡೆ. ಒದ್ದೆ ಕೆಸರನ್ನು ರೇಡಾರ್ ನೀರೆಂದುಕೊಂಡಿರಬಹುದು, ಇಲ್ಲವೇ ಹೊಳೆಯ ನೀರು ಗಜನಿಯ ಲೆಕ್ಕಕ್ಕೆ ಸೇರಿಹೋಗಿರಬಹುದು ಎಂದು ಬರೆದು ಉಪಗ್ರಹದ ಅಳತೆಯನ್ನು ತೆಗೆದುಹಾಕಿದೆ. ಸರ್ ಒಂದು ಸಲ ನನ್ನ ಮುಖ ನೋಡಿದರು. “ನೆಲದ ಮೇಲಿದ್ದವನ ಮಾತು” ಎಂದೆ. ಸಹಿ ಹಾಕಿದರು.

ಸಸಿಯ ಒಂದು ಫೋಟೋ ತೆಗೆದು ಕಳಿಸಲು ಅತ್ತಿಗೆಗೆ ಹೇಳು. ಇಲ್ಲಿನವರಿಗೆ ಉಪ್ಪುನೀರಿನಲ್ಲಿ ಬೆಳೆಯುವ ಭತ್ತ ಎಂದರೆ ನಂಬುವುದೇ ಇಲ್ಲ. ಗೋಡೆಗೆ ಅಂಟಿಸುತ್ತೇನೆ.

ದೀಪಾ


ರೂರ್ಕಿ
೧೯ ಜುಲೈ ೨೦೨೫

ಅಣ್ಣ,

ಕಾಗದಕ್ಕೆ ಉತ್ತರ ಬರಲಿಲ್ಲ. ಫೋಟೋ ಬರಲಿಲ್ಲ. ಅತ್ತಿಗೆಗೆ ಮೆಸೇಜ್ ಹಾಕಿದರೆ “ಮಳೆ, ಕರೆಂಟಿಲ್ಲ” ಎಂದಷ್ಟೇ ಬರೆಯುತ್ತಾಳೆ. ನೀನಿನ್ನೂ ಸಿಟ್ಟಿನಲ್ಲಿದ್ದೀಯ ಎಂದುಕೊಂಡು ನಾನೂ ಸುಮ್ಮನಿದ್ದೆ.

ನಿನ್ನೆ ಮೋಡ ಸ್ವಲ್ಪ ಹರಿದು ಅಘನಾಶಿನಿಯ ಮೇಲಿನಿಂದ ಬರಿಗಣ್ಣಿಗೆ ಕಾಣುವಂಥ ಒಂದು ಚಿತ್ರ ಸಿಕ್ಕಿತು. ರೇಡಾರ್ ಅಲ್ಲ, ಕ್ಯಾಮರಾದಲ್ಲಿ ತೆಗೆದ ಹಾಗಿನ ಚಿತ್ರ. ಹೊಳೆಯ ಆಚೆಯ ಗಜನಿ ಹಸಿರು. ಈಚೆಯದೂ ಹಸಿರು. ನಮ್ಮದು ಒಂದೇ ಬೂದು ನೀರು. ಒಂದು ಸಸಿಯಿಲ್ಲ.

ನೀರನ್ನು ಒಳಗೇ ಕಟ್ಟಿ ಇಟ್ಟಿದ್ದೀರಿ. ಸಿಗಡಿ ಸಾಕಲು ಕೊಟ್ಟಿದ್ದೀರಿ ತಾನೆ? ಬೇಸಿಗೆಯಷ್ಟೇ ಅಲ್ಲ, ಮಳೆಗಾಲಕ್ಕೂ. ನೀನು ಅದನ್ನು ಯಾಕೆ ಮುಚ್ಚಿಟ್ಟೆ ಎಂದು ಆಮೇಲೆ ಕೇಳುತ್ತೇನೆ. ಈಗ ಕೇಳುವುದು ಒಂದೇ. ಹಲಗೆ ತೆಗೆಸು.

ಬರುವ ಗುರುವಾರ ಆಷಾಢದ ಅಮಾವಾಸ್ಯೆ. ದೊಡ್ಡ ಭರತಿ. ಘಟ್ಟದ ಮೇಲೆ ಆ ವಾರವಿಡೀ ಮಳೆ ಎಂದು ಮುನ್ಸೂಚನೆ ಇದೆ. ಹೊರಗೆ ಹೊಳೆ ಏರಿದರೆ ಒಳಗಿನ ನೀರು ಹೋಗಲು ದಾರಿಯೇ ಇರುವುದಿಲ್ಲ. ಒಳಗೆ ಈಗಲೇ ಅಂಚಿನವರೆಗೆ ಇದೆ. ಒಡ್ಡಿನ ತಗ್ಗು ಕಡೆ ಯಾರ ಮನೆ ಇದೆ ನಿನಗೆ ಗೊತ್ತು. ಇಳಿತದ ಹೊತ್ತಿನಲ್ಲಿ ಈಗಿನಿಂದಲೇ ನೀರು ಬಿಡಬೇಕು. ಆಗದಿದ್ದರೆ ಅತ್ತೆಯನ್ನಾದರೂ ಮನೆಯಿಂದ ಎಬ್ಬಿಸಿ ನಮ್ಮ ಮನೆಗೆ ಕರೆದುಕೊಂಡು ಬಾ.

ಇದನ್ನೇ ಅತ್ತಿಗೆಯ ಮೊಬೈಲಿಗೂ ಹಾಕಿದ್ದೇನೆ. ಸ್ಪೀಡ್ ಪೋಸ್ಟಿನಲ್ಲೂ ಕಳಿಸುತ್ತಿದ್ದೇನೆ. ಗಾಜಿನ ಮೇಲಿನ ಅಕ್ಷರ ಓದುವುದಿಲ್ಲ ಎನ್ನಬೇಡ, ಅಣ್ಣ. ಈ ಒಂದು ಸಲ ಓದು.

ದೀಪಾ


ತೆಂಕಣಕೇರಿ
೩ ಆಗಸ್ಟ್ ೨೦೨೫

ದೀಪಾ,

ಚೌಡಮ್ಮ ಅತ್ತೆ ಬದುಕಿದ್ದಾಳೆ. ಮೊದಲು ಅದನ್ನು ಬರೀತೇನೆ. ಸೊಂಟದ ಎಲುಬು ಮುರಿದಿದೆ. ಹೊನ್ನಾವರದ ಆಸ್ಪತ್ರೆಯಲ್ಲಿ ಇದ್ದಳು, ನಿನ್ನೆ ಅವಳ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಇಷ್ಟು ಗಂಗಾ ನಿನಗೆ ತಿಳಿಸಿದ್ದಾಳೆ. ಉಳಿದದ್ದನ್ನು ನೀನೇ ಬರೀಬೇಕು ಹೇಳಿ ನನ್ನ ಮುಂದೆ ಪೆನ್ನು ಇಟ್ಟು ಕೂತಿದ್ದಾಳೆ.

ನಿನ್ನ ಮೆಸೇಜನ್ನು ಗಂಗಾ ಅವತ್ತೇ ತೋರಿಸಿದಳು. ಓದಿದೆ. ಅರ್ಥ ಆಗಲಿಲ್ಲ ಹೇಳಿ ಸುಳ್ಳು ಹೇಳೂದಿಲ್ಲ. ಗಜನಿ ತಗೊಂಡ ಕಂಟ್ರಾಕ್ಟರ್ ಮೋಹನನ ಶೆಡ್ಡಿಗೆ ಹೋದೆ. ಹಲಗೆ ತೆಗೆ ಅಂದೆ. ಅವ ನಗ್ತಾ ನನ್ನ ಕೈಯಿಂದಲೇ ಪೆನ್ನು ತಗೊಂಡು ಬರೆದು ತೋರಿಸಿದ, “ಸಿಗಡಿ ಹಿಡಿಯಲಿಕ್ಕೆ ಇನ್ನೊಂದು ವಾರ. ಈಗ ಬಾಗಿಲು ತೆಗೆದರೆ ಎಲ್ಲಾ ಹೊಳೆಪಾಲು. ಒಡ್ಡಿಗೆ ಎಂತದೂ ಆಗೂದಿಲ್ಲ.” ನಮ್ಮ ಗಜನಿ ರೈತರ ಸಂಘದವರಿಬ್ಬರು ಅಲ್ಲೇ ಚಾ ಕುಡೀತಾ ಇದ್ದರು. ಅವರೂ ತಲೆ ಆಡಿಸಿದರು. ನಾನು ಬಂದೆ. ಬರೂವಾಗ ಅತ್ತೆ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸ್ತಾ ಇದ್ದಳು. ಕೈ ಎತ್ತಿ ಕರೆದಳು. ನಿಲ್ಲಲಿಲ್ಲ. ಏನು ಹೇಳಲಿ? ಮನೆ ಬಿಟ್ಟು ಬಾ ಅಂದರೆ ಯಾಕೆ ಹೇಳಿ ಕೇಳ್ತಾಳೆ.

ಅಮಾವಾಸ್ಯೆ ದಿನ ಬೆಳಗಿನಿಂದ ಮನೆಯಲ್ಲಿ ನಿಲ್ಲಲಾಗಲಿಲ್ಲ. ಒಡ್ಡಿನ ಮೇಲೆ ಆ ಕಡೆ ಈ ಕಡೆ ಸುತ್ತಿದೆ. ಎರಡೂ ಬದಿ ನೀರು ಅಂಚಿಗೆ ಬಂದಿತ್ತು. ಮಧ್ಯಾಹ್ನದ ಭರತಿಗೆ ಸ್ವಲ್ಪ ಮುಂಚೆ ಬಾಗಿಲಿಗೆ ಇಳಿದು ಹಲಗೆಗೆ ಕೈ ಹಾಕಿದೆ. ನೀರಿನ ಒತ್ತಡಕ್ಕೆ ಅದು ಕಚ್ಚಿಕೊಂಡು ಕೂತಿತ್ತು. ತೆಗೆದರೂ ಆಗ ಉಪಯೋಗವಿರಲಿಲ್ಲ, ಹೊಳೆಯ ನೀರೇ ಒಳಗೆ ಬರ್ತಿತ್ತು. ಆದರೂ ಎಳೀತಾ ಇದ್ದೆ. ಒಡ್ಡು ಒಡೆದ ಸದ್ದು ಇಡೀ ಕೇರಿಗೆ ಕೇಳಿತಂತೆ, ಸಿಡಿಲು ಬಿತ್ತು ಅಂದುಕೊಂಡರಂತೆ. ನನಗೆ ಕೇಳಲಿಲ್ಲ. ಗಂಗಾ ಓಡಿ ಬಂದು ಹಿಂದಿನಿಂದ ಅಂಗಿ ಹಿಡಿದು ಎಳೆದಳು. ತಿರುಗಿ ನೋಡಿದರೆ ಅತ್ತೆಯ ಮನೆಯ ಹಿಂದಿನ ಮಣ್ಣಿನ ಗೋಡೆ ಇರಲಿಲ್ಲ.

ಅವಳು ಒಲೆಯ ಮುಂದೆ ಇದ್ದಳು. ಮಾಡಿನ ಮರ ಅಡ್ಡ ಬಿದ್ದಿತ್ತು, ಅದರಿಂದ ಉಳಿದಳು. ಬಾಗಿಲ ಪಡಿ ಕಿತ್ತು ಅದರ ಮೇಲೆ ಮಲಗಿಸಿ ರಸ್ತೆವರೆಗೆ ಹೊತ್ತೆವು. ನಾನು ತಲೆಯ ಕಡೆ ಹಿಡಿದಿದ್ದೆ. ಅವಳ ಬಾಯಿ ಆಡ್ತಾ ಇತ್ತು. ನೋವಿಗೆ ಕೂಗ್ತಾ ಇದ್ದಳೋ ನನ್ನನ್ನು ಎಂತದೋ ಕೇಳ್ತಾ ಇದ್ದಳೋ ಗೊತ್ತಾಗಲಿಲ್ಲ.

ನೀನು ಯಾಕೆ ಮುಚ್ಚಿಟ್ಟೆ ಹೇಳಿ ಕೇಳಿದ್ದೆ. ಕಗ್ಗ ಕೊಯ್ಯಲಿಕ್ಕೆ ಈಗ ಕೆಸರಿಗೆ ಇಳಿಯುವವರು ಯಾರಿದ್ದಾರೆ? ಏಡಿ ತೂತು ಕೊರೆದ ಒಡ್ಡಿಗೆ ಮಣ್ಣು ಮೆತ್ತುವವರು ಯಾರು? ಮೋಹನ ಬಂದು ವರ್ಷವಿಡೀ ನಾನೇ ನೋಡಿಕೊಳ್ತೇನೆ ಅಂದ. ಎಲ್ಲರೂ ಸೈ ಅಂದರು. ನಾನು ಸಂಘದ ಅಧ್ಯಕ್ಷ. ಕಿವಿ ಹೋಗಿ ಬೋಟು ಬಿಟ್ಟು ಬಂದವನಿಗೆ ಊರವರು ಕೊಟ್ಟ ಕುರ್ಚಿ ಅದೊಂದೇ. ಬೇಡ ಅಂದಿದ್ದರೆ ಅದರಿಂದಲೂ ಎಬ್ಬಿಸ್ತಿದ್ದರು. ನಿನಗೆ ಹೇಳಿದರೆ ನೀನು ಬಂದು ಜಗಳ ತೆಗೀತೀಯ ಹೇಳಿ ಹೆದರಿದೆ. ಕಂಬದ ಹತ್ತಿರ ಒಂದು ದಿನವೂ ಹೋಗಲಿಲ್ಲ. ನೀರು ಎಷ್ಟಿರಬೇಕಿತ್ತೋ ಅಷ್ಟು ಬರೆದೆ.

ನೀನು ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ದಿವಾಕರ


ರೂರ್ಕಿ
೧೪ ಆಗಸ್ಟ್ ೨೦೨೫

ಅಣ್ಣ,

ಬೈಯಲು ಎಷ್ಟು ಸಲ ಕೂತೆನೋ. ಬರೆದು ಹರಿದೆ. ಬೈಯುವ ಹಕ್ಕು ನನಗೆಷ್ಟಿದೆ ಎಂದು ನಿನಗೆ ಗೊತ್ತಿಲ್ಲ.

ಜೂನಿನ ಕಾಗದದಲ್ಲಿ ನಾನು ಒಂದು ವಿಷಯ ಬಿಟ್ಟಿದ್ದೆ. ಉಪಗ್ರಹದ ಅಳತೆ ತೆಗೆದುಹಾಕಿದೆ ಎಂದು ಬರೆದೆನಲ್ಲ, ಅದರ ಜೊತೆಗೆ ಪಟ್ಟಿಯಿಂದ ತೆಂಕಣಕೇರಿಯೂ ಹೋಯಿತು. ಅದಕ್ಕೂ ಮೊದಲು ನಮ್ಮ ಕೇರಿ ಪಟ್ಟಿಯ ಮೇಲ್ಭಾಗದಲ್ಲೇ ಇತ್ತು. ಪಟ್ಟಿಯಲ್ಲಿದ್ದ ಕೇರಿಗಳಿಗೆಲ್ಲ ಆ ವಾರ ತಾಲೂಕಿನಿಂದ ಜನ ಹೋಗಿದ್ದಾರೆ, ತಗ್ಗಿನ ಮನೆಯವರನ್ನು ಶಾಲೆಗೆ ಸಾಗಿಸಿದ್ದಾರೆ. ನಮ್ಮ ಕೇರಿಗೆ ಯಾರೂ ಬರಲಿಲ್ಲ. ಬರಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ.

ನೀನು ಸುಳ್ಳು ಅಂಕೆ ಕೊಟ್ಟೆ, ನಿಜ. ಆದರೆ ನನ್ನ ಕಣ್ಣೆದುರು ನಿಜವಾದ ಅಂಕೆ ಇತ್ತು. ಮತ್ತೊಂದು ಉಪಗ್ರಹದ ಚಿತ್ರ ಬರುವವರೆಗೆ ಕಾಯಬಹುದಿತ್ತು. ಅತ್ತೆಯ ಮಗಳಿಗೆ ಒಂದು ಫೋನ್ ಮಾಡಿ “ಗಜನಿಯಲ್ಲಿ ನೀರಿದೆಯಾ” ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಿನ್ನ ಮನಸ್ಸಿಗೆ ಮತ್ತೆ ನೋವಾದೀತು ಎಂದು ಲೆಕ್ಕ ತಿದ್ದಿದೆ. ಜುಲೈಯಲ್ಲಿ ಚಿತ್ರ ನೋಡಿದ ಮೇಲೂ ಮೊದಲು ನಿನಗೆ ಬರೆದೆ, ಜಿಲ್ಲೆಯ ಕಚೇರಿಗೆ ಬರೆಯಲಿಲ್ಲ. ಬರೆದರೆ ಸರ್‌ಗೆ ಗೊತ್ತಾಗುತ್ತದೆ, ನಾನು ತೆಗೆದುಹಾಕಿದ್ದು ತಪ್ಪೆಂದು ಎಲ್ಲರಿಗೂ ಗೊತ್ತಾಗುತ್ತದೆ. ನೀನು ಹಲಗೆ ತೆಗೆದರೆ ಎಲ್ಲ ಸದ್ದಿಲ್ಲದೆ ಮುಗಿಯುತ್ತದೆ ಎಂದುಕೊಂಡೆ. ಆ ಐದು ದಿನ ನಾನು ಊಟ ಮಾಡಿದೆ, ನಡೆದಾಡಿದೆ, ಮೊಬೈಲ್ ನೋಡುತ್ತ ಕೂತೆ.

ಈಗ ಎಲ್ಲವನ್ನೂ ಬರೆದು ಸರ್‌ಗೆ ಕೊಟ್ಟಿದ್ದೇನೆ, ಜಿಲ್ಲೆಗೂ ಕಳಿಸಿದ್ದೇನೆ. ಸರ್ ಕೂಗಾಡಲಿಲ್ಲ. “ಈ ಕೆಲಸದಲ್ಲಿ ನಿನ್ನನ್ನು ಮುಂದುವರಿಸುವುದು ನನ್ನೊಬ್ಬನ ಕೈಯಲ್ಲಿಲ್ಲ” ಎಂದರು. ವಿಚಾರಣೆ ನಡೆಯುತ್ತಿದೆ.

ಮೇ ತಿಂಗಳಿನಿಂದ ಗಜನಿಯ ನೀರು ಎಲ್ಲಿತ್ತು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಅದನ್ನು ಯಾರೂ ತಿದ್ದಿಲ್ಲ. ನೀನು ಅದನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ದೀಪಾ


ತೆಂಕಣಕೇರಿ
೯ ಸೆಪ್ಟೆಂಬರ್ ೨೦೨೫

ದೀಪಾ,

ಚೌತಿ ಮುಗಿದ ಮೇಲೆ ಸಂಘದ ಸಭೆ ಕರೆದೆ. ಮೋಹನನೂ ಬಂದಿದ್ದ. ಒಡ್ಡು ಒಡೆದದ್ದು ಮಳೆಯಿಂದ, ದೇವರು ಮಾಡಿದ್ದು ಹೇಳಿ ಮೊದಲೇ ಎಲ್ಲರೂ ಮಾತಾಡಿ ಇಟ್ಟಿದ್ದರು. ಹಾಗೆಯೇ ಬರೆದು ನನ್ನ ಮುಂದೆ ಸಹಿಗೆ ಇಟ್ಟರು.

ನಾನು ನಿನ್ನ ಹಾಳೆ ತೆಗೆದು ಓದಿದೆ. ಎಷ್ಟು ಗಟ್ಟಿ ಓದಿದೆನೋ ಗೊತ್ತಿಲ್ಲ, ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು ಹೇಳಿ ಗಂಗಾ ಆಮೇಲೆ ಬರೆದು ತೋರಿಸಿದಳು. ಹಲಗೆ ಹಾಕಿಸಲು ಸಹಿ ಮಾಡಿದವ ನಾನು, ತಂಗಿಗೆ ಸುಳ್ಳು ಅಂಕೆ ಕಳಿಸಿದವ ನಾನು, ನೀರು ಬರ್ತದೆ ಹೇಳಿ ಓದಿಯೂ ಬಾಯಿ ಮುಚ್ಚಿದವ ನಾನು ಅಂದೆ. ಎಲ್ಲರ ಬಾಯಿ ಒಮ್ಮೆಲೇ ಆಡಲಿಕ್ಕೆ ಶುರುವಾಯಿತು. ಮೋಹನ ಎದ್ದು ನಿಂತು ಬೆರಳು ಮಾಡಿ ತೋರಿಸ್ತಾ ಇದ್ದ. ಎಂತ ಬೈದರೋ ನನಗೆ ತಲುಪಲಿಲ್ಲ. ಕೇಳಿದ್ದರೆ ಅಷ್ಟು ಹೊತ್ತು ನಿಲ್ಲಲು ಆಗ್ತಿತ್ತೋ ಇಲ್ಲವೋ.

ಕಡೆಗೆ ಒಂದಿಷ್ಟು ಜನ ನನ್ನ ಕಡೆ ಬಂದರು. ಮಳೆಗಾಲದಲ್ಲಿ ನೀರು ಕಟ್ಟುವ ಹಾಗಿಲ್ಲ, ಅತ್ತೆಯ ಮನೆಯನ್ನು ಸಂಘವೇ ಕಟ್ಟಿಕೊಡಬೇಕು ಹೇಳಿ ಆಯಿತು. ಮೋಹನ ಕೋರ್ಟಿಗೆ ಹೋಗ್ತೇನೆ ಅಂದಿದ್ದಾನಂತೆ. ಹೋಗಲಿ. ಅಧ್ಯಕ್ಷಗಿರಿ ಬಿಟ್ಟೆ. ಅರ್ಧ ಕೇರಿ ನಮ್ಮ ಮನೆ ಕಡೆ ನೋಡೂದಿಲ್ಲ. ಗಂಗಾ ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡ್ತಾರೆ. ಬರುವ ಜೂನಿಗೆ ಬಿತ್ತಲು ಬೀಜವೂ ನಮ್ಮಲ್ಲಿ ಇಲ್ಲ. ಬಾಡ ಊರಿನ ಕಡೆ ಯಾರ ಹತ್ತಿರವೋ ಕಗ್ಗ ಇದೆಯಂತೆ, ಹೋಗಿ ಕೇಳಬೇಕು.

ಮೊನ್ನೆ ನಾವಿಬ್ಬರೂ ಬಸ್ಸು ಹಿಡಿದು ಹೊನ್ನಾವರಕ್ಕೆ ಹೋದೆವು. ಅತ್ತೆ ಮಗಳ ಮನೆಯ ಜಗಲಿಯಲ್ಲಿ ಮಲಗಿದ್ದಳು. ಅಷ್ಟು ದೊಡ್ಡ ಹೆಂಗಸು, ಹೊದಿಕೆಯ ಕೆಳಗೆ ಇದ್ದಾಳೋ ಇಲ್ಲವೋ ಹೇಳುವ ಹಾಗೆ ಆಗಿದ್ದಾಳೆ. ಮಗಳು ನಮಗೆ ಕೂರಿ ಹೇಳಲಿಲ್ಲ. ನಿಂತೇ ಇದ್ದೆವು. ಅತ್ತೆ ನನ್ನನ್ನು ನೋಡಿ ಎಂತದೋ ಕೇಳಿದಳು. ಗಂಗಾ ಚೀಟಿಯಲ್ಲಿ ಬರೆದು ಕೊಟ್ಟಳು. “ನೀರು ಬರ್ತದೆ ಹೇಳಿ ನಿಂಗೆ ಮೊದ್ಲೇ ಗೊತ್ತಿತ್ತನಾ?”

ಗೊತ್ತಿತ್ತು ಅಂದೆ.

ಆಮೇಲೆ ಅವಳು ಬಹಳ ಹೊತ್ತು ಮಾತಾಡಿದಳು. ನನ್ನ ಕಡೆ ನೋಡಲಿಲ್ಲ, ರಸ್ತೆಯ ಕಡೆ ನೋಡಿಕೊಂಡು ಮಾತಾಡಿದಳು. ಸಿಟ್ಟು ಇರಲಿಲ್ಲ ಮುಖದಲ್ಲಿ. ಗಂಗಾ ಅತ್ತಳು. ಬರೆದು ಕೊಡು ಹೇಳಿ ಕೈ ಚಾಚಿದೆ. ಅವಳು ಪೆನ್ನು ಮುಚ್ಚಿ ಬ್ಲೌಸಿಗೆ ಸಿಕ್ಕಿಸಿಕೊಂಡಳು. ಬಸ್ಸಿನಲ್ಲಿ ಕೇಳಿದೆ, ಮನೆಯಲ್ಲಿ ಕೇಳಿದೆ. ಇವತ್ತಿಗೂ ಬರೆದು ಕೊಡಲಿಲ್ಲ.

ನಿನ್ನ ವಿಚಾರಣೆ ಎಂತ ಆಯಿತು?

ದಿವಾಕರ


ರೂರ್ಕಿ
೧೭ ಸೆಪ್ಟೆಂಬರ್ ೨೦೨೫

ಅಣ್ಣ,

ಒಂದು ವರ್ಷ ನನ್ನ ಹೆಸರಿನಲ್ಲಿ ಯಾವ ಅಳತೆಯೂ ಹೊರಗೆ ಹೋಗುವಂತಿಲ್ಲ. ಕೆಲಸದಿಂದ ತೆಗೆಯಲಿಲ್ಲ. ನಾನೇ ರಜೆ ಕೇಳಿದೆ.

ಶನಿವಾರ ರೈಲು ಹತ್ತುತ್ತೇನೆ. ನೀನು ಕುಮಟಾ ಸ್ಟೇಷನ್ನಿಗೆ ಬಂದು ಕಾಯಬೇಡ, ನಾನು ಅಲ್ಲಿ ಇಳಿಯುವುದಿಲ್ಲ. ಮುಂದಿನ ಹೊನ್ನಾವರದಲ್ಲಿ ಇಳಿದು ಮೊದಲು ಅತ್ತೆಯ ಹತ್ತಿರ ಹೋಗುತ್ತೇನೆ. ಮನೆಗೆ ಆಮೇಲೆ.

ಅತ್ತಿಗೆಯನ್ನು ಇನ್ನು ಪೀಡಿಸಬೇಡ. ಅತ್ತೆ ಹೇಳಿದ್ದರಲ್ಲಿ ಅರ್ಧ ನನಗೆ ಸೇರಬೇಕಾದದ್ದು. ಅದನ್ನು ಅವಳ ಎದುರು ಕೂತು ಕೇಳಿಸಿಕೊಳ್ಳಬೇಕು. ನನಗೆ ಕಿವಿ ಕೇಳುತ್ತದೆ.

ದೀಪಾ